ಜರ್ಮನ್ ಕ್ಯಾಪ್ಟನ್, ಕಮಲಾಪುರದ ಸುಬೇದಾರ

ಹದಿನೆಂಟನೆಯ ಶತಮಾನದ ಆ ಜರ್ಮನ್ ಸೇನಾಧಿಕಾರಿಯನ್ನು ನಾನು ಮೊದಲು ಕಂಡದ್ದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಯುರೋಪಿನ ಇತಿಹಾಸದ ಕಪಾಟಿನ ತೀರ ಕೆಳಗಿನ ಸಾಲಿನಲ್ಲಿ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ನೆಲದ ಮೇಲೆ ಕೂತು ಓದಿದೆ, ಕರೆಂಟು ಹೋಗಿ ಫ್ಯಾನು ನಿಂತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು ಎಂದೂ ಸೇರಿಸುತ್ತೇನೆ. ಈಚೆಗೆ ಅಲ್ಲಿಗೆ ಹೋಗಿ ನೋಡಿದರೆ ಯುರೋಪಿನ ಪುಸ್ತಕಗಳಿರುವುದು ಮೇಲಿನ ಮಹಡಿಯಲ್ಲಿ. ಅವು ಯಾವಾಗಲೂ ಅಲ್ಲೇ ಇದ್ದವು ಎಂದು ಅಲ್ಲಿಯವರು ಹೇಳಿದರು. ಆ ಮಹಡಿಯ ಕಪಾಟುಗಳ ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ನಿಲ್ಲುವುದೇ ಕಷ್ಟ, ಕೂರುವುದಂತೂ ಆಗದ ಮಾತು. ಹಾಗಾದರೆ ನಾನು ಕೂತು ಓದಿದ್ದೆಲ್ಲಿ? ಇತಿಹಾಸ ಓದಿ, ಎಲ್ಲದಕ್ಕೂ ಆಧಾರ ಕೇಳುವುದನ್ನು ಕಲಿತು, ಅದನ್ನೇ ಕಲಿಸಿ ಹೊಟ್ಟೆ ಹೊರೆಯುವವನಿಗೆ ಇದು ಸಣ್ಣ ಪ್ರಶ್ನೆಯಲ್ಲ.

ನಾನು ಕಮಲಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಇರುವುದು ಕಲಬುರಗಿಯಲ್ಲಿ, ದರ್ಗಾದ ಹತ್ತಿರ, ರೋಜಾ ಕಡೆಯ ಒಂದು ಓಣಿಯಲ್ಲಿ, ಮಾಳಿಗೆಯ ಮೇಲಿನ ಒಂದೇ ಕೋಣೆಯಲ್ಲಿ. ಉರುಸಿನ ದಿನಗಳಲ್ಲಿ ಇದನ್ನು ಲಾಡ್ಜೆಂದು ತಿಳಿದು ಯಾರಾದರೂ ಗಂಟುಮೂಟೆ ಹೊತ್ತು ಮೆಟ್ಟಿಲು ಹತ್ತಿ ಬರುತ್ತಾರೆ. ವರ್ಷದಲ್ಲಿ ನನ್ನ ಬಾಗಿಲು ಬಡಿಯುವವರು ಹೆಚ್ಚಾಗಿ ಅವರೇ. ಇಲ್ಲ ಎಂದು ಹೇಳಿ ಬಾಗಿಲು ಹಾಕಿದ ಮೇಲೆ, ಒಳಗೆ ಬಂದು ನೀರಾದರೂ ಕುಡಿಯಿರಿ ಅನ್ನಬಹುದಿತ್ತು ಅನ್ನಿಸುತ್ತದೆ. ಅಷ್ಟರಲ್ಲಿ ಅವರು ಓಣಿ ದಾಟಿರುತ್ತಾರೆ.

ಆ ಕೋಣೆಯಲ್ಲಿ ಕೂತು ಆ ಜರ್ಮನ್‌ನ ಜೀವನವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವನ ಹೆಸರು ಇಲ್ಲಿ ಬೇಡ. ಹೆಸರು ಹೇಳಿದ ಕೂಡಲೇ ತಿಳಿದವರು ನಗುತ್ತಾರೆ. ನಕ್ಕ ಮೇಲೆ ಅವನ ಬದುಕು ಯಾರಿಗೂ ಕಾಣುವುದಿಲ್ಲ. ಹಳೆಯ ಮನೆತನದವನು. ತಂದೆ ಕುದುರೆ ಸೈನ್ಯದಲ್ಲಿದ್ದವನು, ಮಗ ಸಣ್ಣವನಿದ್ದಾಗಲೇ ತೀರಿಕೊಂಡ. ಹುಡುಗನನ್ನು ಒಬ್ಬ ದೊರೆಯ ಅರಮನೆಗೆ ಊಳಿಗಕ್ಕೆ ಕಳಿಸಿದರು. ಹರೆಯದಲ್ಲಿ ಒಬ್ಬ ರಾಜಕುಮಾರನ ಬೆನ್ನು ಹತ್ತಿ ರಷ್ಯಾಕ್ಕೆ ಹೋದ, ಅಲ್ಲಿನ ಸೈನ್ಯ ಸೇರಿ ತುರ್ಕರ ವಿರುದ್ಧ ಕಾದಾಡಿದ. ಆಮೇಲೆ ಅರಮನೆಯಲ್ಲಿ ಕ್ರಾಂತಿಯಾಗಿ ಅವನ ರಾಜಕುಮಾರನ ಕಡೆಯವರು ಬಿದ್ದರು. ಇವನನ್ನು ಯಾರೂ ಕೊಲ್ಲಲಿಲ್ಲ, ಮೇಲಕ್ಕೂ ಎತ್ತಲಿಲ್ಲ. ಒಂದು ದಂಡಿನ ಊರಿನಲ್ಲಿ ವರ್ಷಗಟ್ಟಲೆ ಲೆಫ್ಟಿನೆಂಟ್ ಆಗಿ ಉಳಿದ. ಕಡೆಗೊಮ್ಮೆ ಕ್ಯಾಪ್ಟನ್ ಆದ, ರಜೆ ಹಾಕಿ ಊರಿಗೆ ಬಂದ, ತಿರುಗಿ ಹೋಗಲಿಲ್ಲ. ನದಿಯ ದಂಡೆಯ ಮನೆ, ಹೊಲ, ಬೇಟೆ, ಹೆಂಡತಿ. ಮಕ್ಕಳಾಗಲಿಲ್ಲ. ಸಂಜೆ ಊಟಕ್ಕೆ ಗೆಳೆಯರು ಬರುತ್ತಿದ್ದರು. ಊಟವಾದ ಮೇಲೆ ಅವನು ಚುಂಗಾಣಿ ಹೊತ್ತಿಸಿ ರಷ್ಯಾದ ಕಥೆ ಶುರು ಮಾಡುತ್ತಿದ್ದ. ಮುಖದಲ್ಲಿ ನಗುವಿಲ್ಲ, ದನಿ ಏರುವುದಿಲ್ಲ, ಕಥೆ ಮಾತ್ರ ಏರುತ್ತ ಹೋಗುತ್ತದೆ. ಬಂದವರಿಗೆ ಅದು ಎಲ್ಲಿಂದ ಏರುತ್ತದೆಂದು ಗೊತ್ತು. ಅವರು ಬರುತ್ತಿದ್ದದ್ದೇ ಅದಕ್ಕೆ.

ಕಮಲಾಪುರದಲ್ಲಿ ನನ್ನ ಕಾಕಾ ಇದ್ದಾನೆ, ಅಪ್ಪನ ತಮ್ಮ. ಸೈನ್ಯದಿಂದ ಹವಾಲ್ದಾರನಾಗಿ ನಿವೃತ್ತನಾದವನು; ಊರು ತಾನೇ ಬಡ್ತಿ ಕೊಟ್ಟು ಸುಬೇದಾರ್ ಎನ್ನುತ್ತದೆ, ಅವನೂ ಬೇಡವೆನ್ನುವುದಿಲ್ಲ. ಮನೆ ತುಂಬ ಮಕ್ಕಳು ಮೊಮ್ಮಕ್ಕಳಿದ್ದರೂ ಸಂತೆಯ ದಿನ ಅವನು ಸಿಗುವುದು ಬಸ್ ನಿಲ್ದಾಣದ ಎದುರಿನ ಚಾದ ಹೋಟೆಲಿನಲ್ಲಿ. ಕೆಂಪು ಬಾಳೆಯ ಗೊನೆ ಮಾರಿ ಬಂದವರು, ಬಸ್ಸಿಗೆ ಕಾಯುವವರು ಸುತ್ತ ಕೂತಿರುತ್ತಾರೆ. ಕಾಲೇಜು ಮುಗಿಸಿ ನಾನೂ ಹೋಗಿ ಕೂರುತ್ತಿದ್ದೆ. ಒಂದು ದಿನ ಅವನಿಗೆ ಜರ್ಮನ್‌ನ ವಿಷಯ ಹೇಳಿದೆ.

"ಯಾವ ರೆಜಿಮೆಂಟು?" ಎಂದು ಕೇಳಿದ ಕಾಕಾ.

"ಕುದುರಿ ಸವಾರರದು. ರಷ್ಯಾದ್ದು."

"ಜರ್ಮನಿಯಾಂವಗ ರಷ್ಯಾದಾಗ ಏನ್ ಕೆಲಸ?"

"ಆಗ ಹಂಗ ಇತ್ತು ಕಾಕಾ. ಸಣ್ಣ ಸಣ್ಣ ಸಂಸ್ಥಾನ. ದೊಡ್ಡ ಮನಿತನದ ಹುಡುಗ್ರು ಬ್ಯಾರೆ ರಾಜರ ಕೈಯಾಗ ಚಾಕರಿ ಮಾಡ್ತಿದ್ರು."

"ಪ್ರಮೋಷನ್ ಲಗೂನ ಸಿಕ್ತೇನು?"

"ಇಲ್ಲ. ಅವನ ಮ್ಯಾಲಿನ ಮಂದಿ ಬಿದ್ರು. ಇಂವ ಭಾಳ ವರ್ಷ ಅಲ್ಲೇ ಕುಂತ."

ಕಾಕಾ ತಲೆಯಾಡಿಸಿದ. "ಮ್ಯಾಲಿನಾಂವ ಬಿದ್ರ ಕೆಳಗಿನವನ ಫೈಲು ಹೆಂಗ ಏಳ್ತದ. ಇದು ಖರೇ ಮಾತು. ನಿಮ್ಮ ಜಾಗೀರದಾರ ಒಳ್ಳೆ ಮನಿಷಾ ಕಾಣ್ತಾನ."

ಹೋಟೆಲಿನ ಮಾಲೀಕ ಒಲೆಯ ಹಿಂದಿನಿಂದ ಬಾಯಿ ಹಾಕಿದ: "ಸುಬೇದಾರ್ರ, ಅವನೂ ನಿಮ್ಮಂಗ ಚಾ ಆರೋತನಾ ಕತಿ ಹೇಳ್ತಿದ್ನೇನ್ರೀ?"

"ಅವಂದು ಚಾ ಅಲ್ಲ, ಬ್ಯಾರೆ ಇತ್ತು" ಎಂದೆ.

"ಹಂಗಂದ್ರ ನಮ್ಮ ಸುಬೇದಾರ್ರೇ ಮೇಲು. ಬರೇ ಚಾದ ಮ್ಯಾಲ ಇಷ್ಟ ಹೇಳ್ತಾರ."

ಎಲ್ಲರೂ ನಕ್ಕರು, ಕಾಕಾನೂ ನಕ್ಕ. ಮುಂದೇನಾಯಿತು ಎಂದು ಕೇಳಿದ. ಮುಂದಿನದು ನನಗೆ ಕಂಠಪಾಠ. ಅವನ ಕಥೆ ತಿಳಿದಿದ್ದ ಯಾರೋ ಒಬ್ಬ, ದೂರ ದೇಶದಲ್ಲಿ ಕೂತು, ಅವನನ್ನು ಕೇಳದೆ, ಅವನ ಹೆಸರು ಅಂಟಿಸಿ ಅವನ್ನೆಲ್ಲ ಪುಸ್ತಕ ಮಾಡಿದ. ತಾನೇ ಕಟ್ಟಿದ್ದನ್ನೂ ಬೇರೆಯವರದ್ದನ್ನೂ ಸೇರಿಸಿದ. ಪುಸ್ತಕ ದೇಶದೇಶಕ್ಕೆ ಹೋಯಿತು. ಸುಳ್ಳುಗಾರನನ್ನು ಕಣ್ಣಾರೆ ನೋಡಬೇಕೆಂದು ಗುರುತಿಲ್ಲದ ಜನ ಅವನ ಮನೆಯ ಮುಂದೆ ಬಂದು ನಿಲ್ಲತೊಡಗಿದರು. ಅವರನ್ನು ಓಡಿಸಲು ಆಳುಗಳನ್ನು ನಿಲ್ಲಿಸಬೇಕಾಯಿತು.

ಕಾಕಾ ಕೈಯಲ್ಲಿದ್ದ ಚಾ ಕೆಳಗಿಟ್ಟ. ಆಮೇಲೆ ಹೇಳಿದ: "ಬಾಜು ಕುಂತ ಮಂದಿಗೆ ಹೇಳಿದ್ದನ್ನ ರಸ್ತಾದಾಗಿನ ಮಂದಿಗೆ ಒಯ್ದು ಹಂಚಿದ್ರ ಆ ಮನಿಷಾ ಎಲ್ಲಿ ಮಾರಿ ಇಟ್ಕೋಬೇಕು?"

ಕಾಕಾನ ಕಥೆಗಳಲ್ಲಿ ಊರಿಗೆಲ್ಲ ಗೊತ್ತಿದ್ದದ್ದು ಹಳ್ಳದ ಕಥೆ. ಅವನು ರಜೆಯ ಮೇಲೆ ಬಂದಿದ್ದ ಒಂದು ಮಳೆಗಾಲ. ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸು ಹಳ್ಳದ ತಗ್ಗು ಸೇತುವೆಯ ನಡುವೆ ಕೆಟ್ಟು ನಿಂತಿತು, ನೀರು ಏರತೊಡಗಿತು. ಕಾಕಾ ಗಂಡಸರ ಪಟಕಾ, ಧೋತರ ಬಿಚ್ಚಿಸಿ ಗಂಟು ಹಾಕಿ ಹಗ್ಗ ಮಾಡಿದ, ಈಜಿ ಹೋಗಿ ಅದನ್ನು ದಂಡೆಯ ಬೇವಿನ ಮರಕ್ಕೆ ಕಟ್ಟಿದ, ಎಲ್ಲರನ್ನೂ ಒಬ್ಬೊಬ್ಬರಾಗಿ ದಾಟಿಸಿದ. ಕಂಡಕ್ಟರು ಮಾತ್ರ ಟಿಕೆಟ್ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಬಾಗಿಲಲ್ಲೇ ನಿಂತ, ಇಳಿದವರಲ್ಲಿ ಇಬ್ಬರು ಟಿಕೆಟ್ಟೇ ತೆಗೆಸಿಲ್ಲ ಎಂದು ಕೂಗುತ್ತ. ಬಸ್ಸಿನ ಜನ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರು. ಆಮೇಲೊಂದು ಎಮ್ಮೆಯ ಕರುವೂ ಬಂತು. ಬದಲಾಗದೆ ಉಳಿದದ್ದು ಒಂದೇ: ಮೊದಲು ದಾಟಿಸಿದ್ದು ನನ್ನನ್ನು, ಹೆಗಲ ಮೇಲೆ ಕೂರಿಸಿಕೊಂಡು.

ಅದು ನನಗೆ ನೆನಪಿದೆ. ಇದೆ ಎಂದು ಈಗ ಬರೆಯುವುದು ಸರಿಯಲ್ಲ, ಆದರೂ ಇದೆ. ಕಾಕಾನ ಕಿವಿಗಳನ್ನು ಎರಡೂ ಕೈಯಿಂದ ಹಿಡಿದಿದ್ದೇನೆ. ನೆನೆದ ಉಣ್ಣೆಯ ವಾಸನೆ. ನೀರು ಕೆಂಪಗಿಲ್ಲ, ಚಾದ ಬಣ್ಣದ್ದು. "ಕಣ್ಣ ಮುಚ್ಚಬ್ಯಾಡ, ಆ ಗಿಡಾ ನೋಡು" ಎನ್ನುತ್ತಿದ್ದಾನೆ. ಒಬ್ಬನೇ ಕೂತ ಸಂಜೆಗಳಲ್ಲಿ ನನಗೆ ಕೈಗೆ ಸಿಗುವಂಥದ್ದು ಇದೊಂದೇ ಇತ್ತು. ಒಮ್ಮೆ ಯಾರೋ ನನ್ನನ್ನು ಮೊದಲು ದಾಟಿಸಿದ್ದರು.

ಊರಿನ ಹುಡುಗರು ಅಷ್ಟರಲ್ಲಿ ಆ ಕಥೆಯನ್ನು ಗೇಲಿ ಮಾಡಿಟ್ಟಿದ್ದರು. ಯಾರಾದರೂ ಸ್ವಲ್ಪ ಹೆಚ್ಚು ಹೇಳಿದರೆ "ಸುಬೇದಾರನ ಬಸ್ ಬಂತು ನೋಡ್ರೋ" ಎನ್ನುವುದು. ಕಾಕಾನ ಎದುರಿಗೂ ಅನ್ನುತ್ತಿದ್ದರು. ಅವನು ಕೇಳದವನಂತೆ ಬಸಿಯಲ್ಲಿ ಚಾ ಸುರುವಿಕೊಳ್ಳುತ್ತಿದ್ದ.

ಆ ವರ್ಷ ಊರಿನ ಯುವಕ ಸಂಘದವರು ಸ್ವಾತಂತ್ರ್ಯ ದಿನದಂದು ಮಾಜಿ ಸೈನಿಕರಿಗೆ ಸನ್ಮಾನ ಇಟ್ಟುಕೊಂಡರು. ನಮ್ಮ ಕಡೆ ಸನ್ಮಾನವೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಅವಕ್ಕಿಂತ ಮೊದಲು ಪರಿಚಯ ಭಾಷಣ. ಓದಿದವನೊಬ್ಬ ಎದ್ದು ನಿಂತು, ಸನ್ಮಾನಿತನು ಎಂಥ ದೊಡ್ಡ ಮನುಷ್ಯನೆಂದು ಸಭೆಗೆ ಹೇಳಬೇಕು. ಕಾಕಾನ ಪರಿಚಯ ನನ್ನ ಪಾಲಿಗೆ ಬಂತು. ಅವನೇ ಕೇಳಿಕೊಂಡು ನನ್ನ ಹೆಸರು ಸೇರಿಸಿದ್ದನಂತೆ.

"ಲಡಾಯಿ ಸುದ್ದಿ ಬ್ಯಾಡ" ಎಂದ ಕಾಕಾ, ಹೋಟೆಲಿನಿಂದ ನನ್ನನ್ನು ಪಕ್ಕಕ್ಕೆ ಕರೆದು. "ಮೆಡಲ್ ಎಲ್ಲಾರಿಗೂ ಕೊಟ್ಟಾರ. ಹಳ್ಳದ್ದು ಹೇಳು. ನಾ ಹೇಳಿದ್ರ ನಗ್ತಾರ. ನೀ ಕಾಲೇಜಿನಾಗ ಕಲಸಾಂವ. ಮತ್ತ ನೀ ಅಲ್ಲಿದ್ದಿ. ‘ನಾ ನೋಡೀನಿ’ ಅನ್ನು, ಸಾಕು."

"ಹೇಳ್ತೀನಿ ಕಾಕಾ" ಎಂದೆ.

"ಕರಾ ಬ್ಯಾಡ" ಎಂದ, ಸ್ವಲ್ಪ ಯೋಚಿಸಿ. "ಕರಾ ಬಿಡು. ಉಳಿದದ್ದು ಹೇಳು."

ಆ ವಾರ ಕಲಬುರಗಿಯಲ್ಲಿ ಅಕ್ಕನ ಮನೆಗೆ ಹೋದೆ. ಅವ್ವ ಅಲ್ಲಿರುತ್ತಾಳೆ. ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತ ಕೂತಿದ್ದಳು. ಆ ಮಳೆಗಾಲ ಯಾವುದು, ನಾನು ಎಷ್ಟು ದೊಡ್ಡವನಿದ್ದೆ ಎಂದು ಕೇಳಿದೆ. ಆಧಾರಕ್ಕೆ ಇರಲಿ ಎಂದು, ಅಷ್ಟೇ.

"ನೀ ಎಲ್ಲಿದ್ದಿ ಅಲ್ಲಿ?" ಎಂದಳು ಅವ್ವ, ತಲೆ ಎತ್ತದೆ. "ನಿಂಗ ದಡಾರ ಎದ್ದಿತ್ತು. ನಿನ್ನ ಬೇವಿನ ತೊಪ್ಪಲದ ಮ್ಯಾಲ ಮಲಗಿಸ್ಕೊಂಡು ಕುಂತಿದ್ದೆ ನಾ. ಕಾಕಾನ ಸಂಗಟ ಹೋಗಿದ್ದು ನಿಮ್ಮಣ್ಣ."

ಅಣ್ಣ ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಆ ಮಳೆಗಾಲದ ಮರುವರ್ಷವೇ ಜ್ವರದಲ್ಲಿ ತೀರಿಕೊಂಡ. ಅವನ ಮುಖ ನನಗೆ ಫೋಟೊದಲ್ಲಿರುವಷ್ಟೇ ನೆನಪು.

"ನಂಗ ನೆನಪದ ಅವ್ವ. ಕಾಕಾನ ಹೆಗಲ ಮ್ಯಾಲ ಕುಂತಿದ್ದು."

"ಕೇಳಿ ಕೇಳಿ ನೆನಪಾಗಿರ್ಬೇಕು" ಎಂದು ಮೊರ ಕೊಡವಿದಳು.

ಅವ್ವನ ಮಾತನ್ನೂ ನಾನು ಹಾಗೇ ನಂಬಲಿಲ್ಲ. ದಡಾರ ಬೇರೆ ವರ್ಷದ್ದಿರಬಹುದು. ಅವಳ ಲೆಕ್ಕದಲ್ಲಿ ಎರಡು ಮಳೆಗಾಲ ಒಂದಾಗಿರಬಹುದು. ಬಸ್ಸಿನಲ್ಲಿ ಹೋಗುವಾಗ ಹಳ್ಳದ ಹತ್ತಿರ ಇಳಿದು ನೋಡಿದೆ. ಈಗ ಎತ್ತರದ ಸೇತುವೆ ಇದೆ, ಬೇವಿನ ಮರಗಳು ಬೇಕಾದಷ್ಟಿವೆ. ಪಕ್ಕದ ಹೊಲದವನನ್ನು ಕೇಳಿದರೆ, "ಬಸ್ಸು ಪ್ರತಿ ಮಳಿಗಾಲ ಸಿಗಬೀಳ್ತಿತ್ರೀ, ಯಾವ ಬಸ್ಸಂತ ಹೇಳ್ಲಿ" ಎಂದ. ರಸ್ತೆಯ ದಂಡೆಯಲ್ಲಿ ಮುಂದಿನ ಬಸ್ಸಿಗೆ ಕಾಯುತ್ತ ನಿಂತಾಗ, ಆ ಕಿವಿಗಳನ್ನು ಹಿಡಿದ ಕೈ ಯಾರದೆಂದು ತಿಳಿಯದೆ ನನ್ನ ಕೈಗಳನ್ನು ಕಿಸೆಯೊಳಗೆ ಹಾಕಿಕೊಂಡೆ.

ಸನ್ಮಾನದ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಸಂಘದ ಕಾರ್ಯದರ್ಶಿ, ಬೆವರುತ್ತಿದ್ದ ಗಡಿಬಿಡಿಯ ಮನುಷ್ಯ, ನನ್ನನ್ನು ವೇದಿಕೆಯ ಹಿಂದೆ ಹಿಡಿದ.

"ಸರ, ಭಾಳ ಬ್ಯಾಡ್ರಿ. ದೇಶಭಕ್ತಿ ಎರಡ ಮಾತು, ಶಿಸ್ತು ಎರಡ ಮಾತು. ಆಮ್ಯಾಲ ಹಳ್ಳದ್ದು ಜರಾ ಜೋರ ಹೇಳ್ರಿ. ಮಂದಿ ಅದಕ್ಕ ಕುಂತಾರ."

"ಅದರಾಗ ಎಷ್ಟು ಖರೇ ಅಂತ ನಂಗ ಖಾತ್ರಿ ಇಲ್ರಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸನ್ಮಾನದಾಗ ಖಾತ್ರಿ ಯಾರ್ ಕೇಳ್ತಾರ್ರಿ ಸರ? ಹೋದ ವರ್ಷ ನಮ್ಮ ಮಾವಗ ಬಡವರ ಬಂಧು ಅಂದ್ರು. ಬಾಗಲಕ್ಕ ಬಂದವರಿಗೆ ನೀರ ಕೊಡೋ ಮನಿಷಾ ಅಲ್ರಿ ಅಂವ. ಕೇಳಿದ ಮಂದಿಗೂ ಗೊತ್ತು, ಮಾವಗೂ ಗೊತ್ತು. ಖುಷಿಲೆ ಶಾಲ ಹೊತ್ಕೊಂಡು ಹ್ವಾದ."

ಈಗ ಬರೆಯುವಾಗ ಅವನೇ ಸರಿ ಎಂದು ಕಾಣುತ್ತದೆ. ಪರಿಚಯ ಭಾಷಣವನ್ನು ಹೇಗೆ ಕೇಳಬೇಕೆಂದು ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತಿದೆ. ಅರ್ಧ ಕಳೆದು, ಉಳಿದದ್ದಕ್ಕೆ ಚಪ್ಪಾಳೆ ತಟ್ಟುತ್ತಾರೆ. ಅದನ್ನು ಕೋರ್ಟಿನ ಸಾಕ್ಷಿಯಂತೆ ಹಿಡಿದವನು ಆ ಸಭೆಯಲ್ಲಿ ನಾನೊಬ್ಬನೇ. ನನ್ನ ತಲೆಯ ತುಂಬ ಆ ಜರ್ಮನ್ ಇದ್ದ. ಅವನ ಕಥೆಗೆ ಇಲ್ಲದ್ದನ್ನೆಲ್ಲ ಸೇರಿಸಿ ಹಂಚಿದವನಂತೆ ನಾನಾಗಬಾರದು ಎಂದುಕೊಂಡಿದ್ದೆ. ಗೊತ್ತಿದ್ದಷ್ಟೇ ಹೇಳಿದರೆ ಕಾಕಾನ ಮರ್ಯಾದೆ ಉಳಿಯುತ್ತದೆ, ತೂಗಿ ಹೇಳಿದ್ದನ್ನು ಜನ ನಂಬುತ್ತಾರೆ ಎಂದುಕೊಂಡಿದ್ದೆ.

ಕಾಕಾ ವೇದಿಕೆಯ ಮೇಲೆ ಹಳೆಯ ಕೋಟು ಹಾಕಿ, ಪದಕ ಚುಚ್ಚಿಕೊಂಡು ಕೂತಿದ್ದ. ನಾನು ಅವನ ಸೇವೆಯ ವರ್ಷಗಳನ್ನು ಹೇಳಿದೆ, ಇದ್ದ ಗಡಿಗಳನ್ನು ಹೇಳಿದೆ. ಆಮೇಲೆ ಹಳ್ಳಕ್ಕೆ ಬಂದೆ. ಒಂದು ಮಳೆಗಾಲ ಬಸ್ಸು ಸಿಕ್ಕಿಬಿದ್ದಾಗ ಇವರು ಪ್ರಯಾಣಿಕರನ್ನು ದಾಟಿಸಿದರೆಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬುತ್ತೇವೆ ಎಂದೆ. ಸಂಖ್ಯೆ ತಿಳಿಯದು ಎಂದೆ. ನಾನೂ ಅಲ್ಲಿದ್ದೆನೆಂದು ಬಹಳ ಕಾಲ ತಿಳಿದಿದ್ದೆ, ಈಗ ಹಾಗೆ ಖಚಿತವಾಗಿ ಹೇಳಲಾರೆ ಎಂದೆ.

ಹಿಂದಿನ ಸಾಲಿನಿಂದ ಯಾರೋ ಹೇಳಿದರು: "ಬಸ್ ಪಂಚರ್ ಆತು."

ಶಾಮಿಯಾನದ ಕೆಳಗೆ ಕೂತವರೆಲ್ಲ ನಕ್ಕರು. ಕಾರ್ಯದರ್ಶಿಯೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡ. ಕಾಕಾ ಕೈಗಳನ್ನು ಮೊಣಕಾಲ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಪರೇಡಿನ ‘ಸಾವಧಾನ್’ ಕೇಳಿ ಕೂತಲ್ಲೇ ಸೆಟೆದವನಂತೆ ಎದುರು ನೋಡುತ್ತಿದ್ದ. ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೊ ತೆಗೆದರು. ಫೋಟೊದಲ್ಲಿ ನಾನೂ ಇದ್ದೇನೆ.

ಹಣ್ಣಿನ ಬುಟ್ಟಿ ಹಿಡಿದು ಅವನ ಜೊತೆ ಮನೆಯ ಕಡೆ ನಡೆದೆ.

"ಭಾಷಣ ಬರೋಬ್ಬರಿ ಇತ್ತು" ಎಂದ.

"ಸುಳ್ಳಂತ ನಾ ಅನ್ಲಿಲ್ಲ ಕಾಕಾ."

"ಅನ್ಲಿಲ್ಲ. ಕೇಳಿದೆನಲ್ಲ ನಾ."

ಅವ್ವ ಹೇಳಿದ್ದನ್ನು ಅವನಿಗೆ ಹೇಳಿದೆ. ಅವನು ನಿಂತ. ಕೊರಳಲ್ಲಿದ್ದ ಹಾರ ತೆಗೆದು ಬುಟ್ಟಿಯ ಮೇಲಿಟ್ಟ.

"ವೈನಿ ಖರೇನ ಹೇಳ್ಯಾಳ. ನಿಮ್ಮಣ್ಣನ ಇದ್ದ ಹೆಗಲ ಮ್ಯಾಲ. ಅಂವ ಹ್ವಾದ ಮ್ಯಾಲ ಒಮ್ಮಿ ಮನ್ಯಾಗ ಈ ಕತಿ ಹೇಳಾಕ ಕುಂತೆ. ಅವನ ಹೆಸರು ಬರೂದ್ರಾಗ ವೈನಿ ಬಾಯಿಗೆ ಸೆರಗ ಹಿಡ್ಕೊಂಡ್ಲು. ನೀ ಅಲ್ಲೇ ಆಡ್ಕೋತ ಕುಂತಿದ್ದಿ. ನಿನ್ನ ಹೆಸರು ಹಾಕಿ ಮುಗಿಸಿದೆ. ಮುಂದ ಹಂಗ ನಡೀತು."

ಸ್ವಲ್ಪ ದೂರ ನಡೆದ ಮೇಲೆ ಅವನೇ ಹೇಳಿದ: "ನಿಂಗೂ ಚಲೋ ಅನಸ್ತಿತ್ತು ಅದು. ಮತ್ತ ಮತ್ತ ಕೇಳ್ತಿದ್ದಿ."

ಬುಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಬಸ್ಸಿನ ಹೊತ್ತಾತು, ನೀ ನಡಿ" ಎಂದ.

ಅದಾಗಿ ಎರಡು ಮಳೆಗಾಲ ಕಳೆದಿವೆ. ಜರ್ಮನ್‌ನ ಪುಸ್ತಕ ಕೊನೆಯ ಅಧ್ಯಾಯದಲ್ಲಿ ನಿಂತಿದೆ. ಅವನ ಕೊನೆ ಚೆನ್ನಾಗಿಲ್ಲ. ಹೆಂಡತಿ ತೀರಿದಳು. ಮುಪ್ಪಿನಲ್ಲಿ ತೀರ ಎಳೆಯ ಹುಡುಗಿಯನ್ನು ಮದುವೆಯಾದ, ಅದು ಕೋರ್ಟಿಗೆ ಹೋಯಿತು, ಇದ್ದದ್ದೆಲ್ಲ ಕರಗಿತು. ಊಟಕ್ಕೆ ಬರುವವರು ನಿಂತರು. ಅವನನ್ನು ಕೆಡಿಸಿದ್ದು ಆ ಪುಸ್ತಕ ಎಂದೇ ನಾನು ಮೊದಲಿನಿಂದ ಬರೆದಿದ್ದೆ. ಈಗ ಇನ್ನೊಂದು ಅನುಮಾನ. ಪುಸ್ತಕ ಓದಿ ಬಂದ ಗುರುತಿಲ್ಲದವರನ್ನು ಓಡಿಸಲು ಆಳುಗಳಿದ್ದರು. ಆದರೆ ಮೇಜಿನ ಸುತ್ತ ಕೂರುತ್ತಿದ್ದ ಹಳೆಯ ಗೆಳೆಯರಲ್ಲೇ ಒಬ್ಬ, ಒಂದು ಸಂಜೆ, ಬಹಳ ಮರ್ಯಾದೆಯಿಂದ, ಅದು ನಿಜವಾಗಿ ಹೇಗೆ ನಡೆಯಿತು ಎಂದು ಕೇಳಿರಬೇಕು. ಇದಕ್ಕೆ ನನ್ನಲ್ಲಿ ಯಾವ ಆಧಾರವೂ ಇಲ್ಲ. ಆದ್ದರಿಂದ ಬರೆಯುವಂತಿಲ್ಲ, ಬರೆಯದೆ ಮುಂದೆ ಹೋಗಲೂ ಆಗುತ್ತಿಲ್ಲ.

ಕಾಕಾ ನನ್ನ ಮೇಲೆ ಸಿಟ್ಟಾಗಿಲ್ಲ. ಮನೆಗೆ ಹೋದರೆ ರೊಟ್ಟಿ ಹಾಕಿಸುತ್ತಾನೆ, ಹೊರಡುವಾಗ ಬಾಳೆಹಣ್ಣು ಕಟ್ಟಿಕೊಡುತ್ತಾನೆ. ಮೊಣಕಾಲು ನೋವು, ಮಳೆ ಬಿದ್ದದ್ದು, ಮೊಮ್ಮಗಳ ಪರೀಕ್ಷೆ, ಇಂಥವನ್ನು ಹೇಳುತ್ತಾನೆ. ಅವೆಲ್ಲ ನಿಜ. ನನಗೆ ಅವನು ನಿಜವನ್ನು ಬಿಟ್ಟು ಬೇರೆ ಏನನ್ನೂ ಹೇಳುವುದಿಲ್ಲ.

ಹೋದ ಸಂತೆಯ ದಿನ ಹೋಟೆಲಿನ ಹತ್ತಿರ ಬರುವಾಗ ಅವನ ದನಿ ಕೇಳಿತು. ಹತ್ತು ಜನ ಸುತ್ತ ಕೂತಿದ್ದರು. ಕಂಡಕ್ಟರು ಪೆಟ್ಟಿಗೆ ಹೊತ್ತು ನಿಂತಿದ್ದ, ಬಸ್ಸಿನ ಒಳಗೆ ನೀರು ಬಂದಿತ್ತು. ನಾನು ಬೆಂಚಿನ ತುದಿಗೆ ಕೂತೆ. ಕಾಕಾ ನಿಲ್ಲಿಸಿದ.

"ಬಾ. ಕಾಲೇಜು ಲಗೂನ ಬಿಟ್ಟಿತೇನು?"

"ಹೇಳು ಕಾಕಾ, ನಾನೂ ಕೇಳ್ತೀನಿ."

"ಏನಿಲ್ಲಪಾ. ಮಳಿ ಬಂದಿತ್ತು, ಬಸ್ ನಿಂತಿತ್ತು. ಮಂದಿ ಇಳದು ಬಂದ್ರು."

ಕೂತವರು ತಮ್ಮ ತಮ್ಮ ಚಾ ನೋಡಿಕೊಂಡರು. ಹೋಟೆಲಿನ ಮಾಲೀಕ ಒಲೆಯ ಕಡೆ ತಿರುಗಿದ. ನಾನು ಬೇಗಬೇಗ ಚಾ ಕುಡಿದು ಎದ್ದೆ. ರಸ್ತೆ ದಾಟಿ ನಿಲ್ದಾಣದ ಕಂಬದ ಹತ್ತಿರ ನಿಲ್ಲುವಷ್ಟರಲ್ಲಿ ಅತ್ತ ಎಲ್ಲರೂ ನಕ್ಕದ್ದು ಕೇಳಿಸಿತು. ಕಾಕಾ ಎದ್ದು ನಿಂತು ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿ, ಹೆಗಲ ಮೇಲೆ ಕೂತವನ ಕಾಲು ಹಿಡಿದವನಂತೆ, ಮೆಲ್ಲಗೆ ಹೆಜ್ಜೆ ಇಡುತ್ತಿದ್ದ. ಹೆಗಲ ಮೇಲೆ ಈಗ ಯಾರ ಹೆಸರು ಹೇಳುತ್ತಿದ್ದಾನೋ, ಬಸ್ಸುಗಳ ಸದ್ದಿನಲ್ಲಿ ನಾನು ನಿಂತಲ್ಲಿಗೆ ಕೇಳಿಸಲಿಲ್ಲ.